ಬೇಲಿ ತೀರ್ಪುಗಾರನ ಮಗಳು

ಕಾರ್ಸನ್ಸ್ ಲ್ಯಾಂಡಿಂಗ್, ಓಹಾಯೊ ನದಿಯ ದಂಡೆ
೮ ನವೆಂಬರ್ ೧೮೨೪

ಮಾನ್ಯ ಎಲ್ನಾಥನ್ ಬಿಡ್ವೆಲ್ ಅವರಿಗೆ,
ಸದಸ್ಯರು, ರಾಜ್ಯದ ಪ್ರತಿನಿಧಿಗಳ ಸಭೆ

ಕಳೆದ ಚಳಿಗಾಲ ತಾವು ಸಭೆಯಲ್ಲಿ ಮಾಡಿದ ಭಾಷಣ ಈ ವಾರ ನನ್ನ ಕೈ ಸೇರಿತು. ಅಂಗಡಿಯ ಮಿಸೆಸ್ ಕ್ರೋ ಉಪ್ಪುಮೀನು ಸುತ್ತಿಕೊಟ್ಟ ಹಳೆಯ ಪತ್ರಿಕೆಯಲ್ಲಿತ್ತು. ಒಂದು ಮೂಲೆ ನೆನೆದಿತ್ತು, ಆದರೂ ಓದಲು ಬಂತು. ವಿಚ್ಛೇದನ ಕೇಳಿಕೊಂಡು ಬರುವ ಅರ್ಜಿಗಳನ್ನೆಲ್ಲ ಸಭೆ ತಳ್ಳಿಹಾಕಬೇಕು ಎಂದಿದ್ದೀರಿ. "ಬೇಡವೆಂದರೂ ಕೇಳದೆ ಬಿತ್ತಿದವರು ಬೆಳೆದದ್ದನ್ನು ತಾವೇ ಉಣ್ಣಬೇಕು" ಎಂದಿದ್ದೀರಿ. ಈ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೇನೆ. ಆಗ ಅದು ಅಚ್ಚಾಗಿರಲಿಲ್ಲ. ನಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಿರಿ. ಒಂಬತ್ತು ವರ್ಷವಾಯಿತು.

ಮನೆಗೆ ಸೇರಿಸಿಕೊಳ್ಳಿ ಎಂದು ಕೇಳಲು ಬರೆಯುತ್ತಿಲ್ಲ. ನನ್ನ ಗಂಡ ಜೇರೆಡ್ ಪೈಕ್‌ನಿಂದ ನನಗೆ ಬಿಡುಗಡೆ ಬೇಕು. ಗಂಡ ಮೂರು ವರ್ಷ ಒಂದೇ ಸಮನೆ ಕಾಣೆಯಾಗಿದ್ದರೆ ನ್ಯಾಯಾಲಯವೇ ಬಿಡಿಸಿಕೊಡುತ್ತದೆ. ಜೇರೆಡ್‌ಗೆ ಈ ನಿಯಮ ಚೆನ್ನಾಗಿ ಗೊತ್ತು. ಸರಕುದೋಣಿ ಹತ್ತಿ ನದಿಯ ಕೆಳಗೆ ಹೋದವನು ಎರಡು ವರ್ಷಕ್ಕೊಮ್ಮೆ ಬಂದು, ನಾಲ್ಕು ದಿನ ಉಂಡು, ನಾನು ಹೆಣೆದಿಟ್ಟ ಹುಲ್ಲುಟೊಪ್ಪಿಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾನೆ. ಹೆಂಡತಿಯ ಕೈಯಿಂದ ಆದದ್ದೆಲ್ಲ ಗಂಡನದು ಎಂಬುದು ಕಾನೂನು. ನ್ಯಾಯಾಧೀಶರು, "ಬಂದು ಹೋಗ್ತಾನಲ್ಲಮ್ಮ, ಬಿಟ್ಟುಹೋದ ಅನ್ನೋಕಾಗಲ್ಲ" ಎಂದು ಕಳಿಸಿಬಿಟ್ಟರು. ಇನ್ನುಳಿದಿರುವುದು ಶಾಸನಸಭೆಯೊಂದೇ. ನಮ್ಮ ಕೌಂಟಿಯ ಸದಸ್ಯರು ನನ್ನ ಅರ್ಜಿಯನ್ನು ಡಿಸೆಂಬರಿನಲ್ಲಿ ಮಂಡಿಸುತ್ತಾರೆ.

ತಮ್ಮಲ್ಲಿ ಕೇಳುವುದು ಇಷ್ಟೇ. ನನ್ನ ಹೆಸರು ಬಂದಾಗ ಮಾತಾಡಲು ಎದ್ದು ನಿಲ್ಲಬೇಡಿ. ಸುಮ್ಮನೆ ಕುಳಿತಿರಿ.

ಇತಿ,
ಟ್ರೈಫೀನಾ ಪೈಕ್


ಕೊಲಂಬಸ್
೧೭ ಡಿಸೆಂಬರ್ ೧೮೨೪

ಶ್ರೀಮತಿ ಪೈಕ್ ಅವರಿಗೆ,

ತಮ್ಮ ಪತ್ರ ತಲುಪಿದೆ. ತಮ್ಮ ಅರ್ಜಿ ಸೋಮವಾರ ಸಭೆಯ ಮುಂದೆ ಬಂದು ಸಮಿತಿಗೆ ಹೋಗಿದೆ. ಸಮಿತಿಯ ವರದಿ ಬಂದ ಮೇಲೆ ಮಸೂದೆಯನ್ನು ಮೂರು ಬಾರಿ ಓದಿ ಮತಕ್ಕೆ ಹಾಕುವುದು ಕ್ರಮ.

ಇಷ್ಟು ಬರೆದು ಮೂರು ದಿನ ಈ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಫೀನಿ, ಗುಮಾಸ್ತ ನಿನ್ನ ಹೆಸರು ಓದಿದಾಗ ನಾನು ಶಾಲೆಗಳ ಮಸೂದೆಗೆ ಟಿಪ್ಪಣಿ ಬರೆಯುತ್ತಿದ್ದೆ. ಊರೂರಿಗೂ ಒಂದು ಶಾಲೆ ಆಗಬೇಕು, ಅದರ ಖರ್ಚು ಊರೇ ಹೊರಬೇಕು ಎಂದು ಎರಡು ವರ್ಷದಿಂದ ಹೆಣಗುತ್ತಿದ್ದೇನೆ. ಲೇಖನಿ ನಿಂತಲ್ಲೇ ನಿಂತು ಶಾಯಿ ಹರಡಿತು. ಪಕ್ಕದಲ್ಲಿ ಕೂರುವ ಹಿರಾಮ್ ಟಾಫ್ಟ್, "ಏನ್ ಬಿಡ್ವೆಲ್, ನಿನ್ನ ಶಾಲೆ ಮುಳುಗೋಯ್ತಲ್ಲ" ಅಂದ. ಅವನೂ ನಾನೂ ಒಂದೇ ಬಾಡಿಗೆ ಮನೆಯಲ್ಲಿ ಒಂದೇ ಹಾಸಿಗೆ ಹಂಚಿಕೊಂಡಿದ್ದೇವೆ. ಒಳ್ಳೆಯವನು, ಬಾಯಿಗೆ ಮಾತ್ರ ಬೀಗವಿಲ್ಲ. ನೀನು ಯಾರೆಂದು ಅವನಿಗೆ ಹೇಳಲಿಲ್ಲ.

ನಿನ್ನ ಬರಹ ನಿನ್ನಮ್ಮನದೇ. ನನ್ನದೂ ಅದೇ. ಮದುವೆಯಾದ ವರ್ಷ, ನನಗೆ ಇಪ್ಪತ್ತೆರಡು, ಲೋಯಿಸ್ ನನ್ನ ಬೆರಳು ಹಿಡಿದು ಒಲೆಯ ಮುಂದಿನ ಬೂದಿಯಲ್ಲಿ ಅಕ್ಷರ ತಿದ್ದಿಸಿದಳು. ಆಮೇಲೆ ನಿನಗೂ ಹಾಗೆಯೇ ತಿದ್ದಿಸಿದಳು.

ಅವಳು ತೀರಿಹೋದ ಸುದ್ದಿಯನ್ನು ನಾನು ನಿನಗೆ ತಿಳಿಸಲಿಲ್ಲ, ಬೇರೆ ಯಾರಿಂದಲೋ ನಿನಗೆ ತಿಳಿದಿರಬೇಕು. ಮೂರು ಸಲ ಬರೆಯಲು ಕುಳಿತೆ. "ನಿನ್ನ ತಾಯಿ" ಎಂದು ಬರೆದ ಮೇಲೆ ಮುಂದಿನ ಮಾತು ತೋಚದೆ ಮೂರನ್ನೂ ಒಲೆಗೆ ಹಾಕಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅವಳು ನಿನಗೆ ಕದ್ದು ಬರೆಯುತ್ತಿದ್ದ ಪತ್ರಗಳನ್ನು ನಿನ್ನಣ್ಣ ಆರಿನ್ ಅಂಚೆಗೆ ಹಾಕುತ್ತಾನೆಂದು ತಿಳಿದಿದ್ದಳು. ಆರಿನ್ ಮೊದಲನೆಯದನ್ನೇ ತಂದು ನನ್ನ ಮುಂದೆ ಹಿಡಿದ. "ಏನ್ಮಾಡ್ಲಿ?" ಅಂದ. "ಕೊಡಿಲ್ಲಿ" ಅಂದೆ. ಆರು ವರ್ಷ, ಪ್ರತಿ ಸಲವೂ ಹನ್ನೊಂದು ಮೈಲಿ ನಡೆದು ಅವನ್ನು ಅಂಚೆಗೆ ಕೊಟ್ಟವನು ನಾನು. ಒಡೆದು ಓದಲಿಲ್ಲ. ನಿನ್ನಿಂದ ಬಂದವನ್ನು ಅವಳ ನೂಲಿನ ಬುಟ್ಟಿಯಲ್ಲಿ ಇಡುತ್ತಿದ್ದವನೂ ನಾನೇ. ಅವಳಿಗೆ ತಿಳಿದಿತ್ತೋ ಏನೋ. ಆ ಮಾತು ಒಂದು ದಿನವೂ ನಮ್ಮಿಬ್ಬರ ನಡುವೆ ಬರಲಿಲ್ಲ.

ಸಮಿತಿಯವರು ಏನು ಕೇಳುತ್ತಾರೋ ಬಿಡುತ್ತಾರೋ, ನಾನು ಒಂದು ಮಾತು ಕೇಳಬೇಕು. ಬೇರೆ ಯಾರಾದರೂ ಇದ್ದಾರೆಯೇ?

ಎಲ್ನಾಥನ್ ಬಿಡ್ವೆಲ್


ಕಾರ್ಸನ್ಸ್ ಲ್ಯಾಂಡಿಂಗ್
೪ ಜನವರಿ ೧೮೨೫

ಅಪ್ಪನಿಗೆ,

ಬೇರೆ ಯಾರೂ ಇಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲವಾದರೆ ಉಳಿದದ್ದನ್ನು ನೀವು ಸಮಾಧಾನವಾಗಿ ಓದಲಾರಿರಿ. ಮಿಸೆಸ್ ಕ್ರೋ ಕೂಡ ಇದನ್ನೇ ಕೇಳಿದಳು. "ಯಾರಿಗೋಸ್ಕರವೇ ಇಷ್ಟೆಲ್ಲ ರಂಪ?" ಅಂದಳು. "ನನಗೋಸ್ಕರ" ಅಂದೆ. "ಅದೂ ಒಂದು ಕಾರಣವೇನೇ?" ಅಂದಳು. ನಗಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದಳು.

ದೋಣಿಯವರು ದಡ ಮುಟ್ಟುವ ಮೊದಲು ಕಹಳೆ ಊದುತ್ತಾರೆ. ಆ ಸದ್ದು ಕೇಳಿದೊಡನೆ ನಾನು ಕೈಲಿದ್ದದ್ದನ್ನು ಬಿಟ್ಟು ಟೊಪ್ಪಿಗಳನ್ನು ಹಾಸಿಗೆಯ ಕೆಳಗೆ ತುರುಕುತ್ತೇನೆ. ಬಂದ ದೋಣಿ ಯಾರದೋ ಆಗಿರುತ್ತದೆ. ಮತ್ತೆ ಒಂದೊಂದಾಗಿ ಹೊರಗೆ ತೆಗೆದು ಅಂಚು ನೇರ ಮಾಡುತ್ತೇನೆ. ಕಹಳೆ ಊದಿದರೂ ಕೂತಲ್ಲೇ ಕೂತಿರಲು ಆಗಬೇಕು. ನನಗೆ ಬೇಕಾದದ್ದು ಅಷ್ಟು.

ಜೇರೆಡ್ ಹೊಡೆಯುವವನಲ್ಲ. ಹೊಡೆದಿದ್ದರೆ ನ್ಯಾಯಾಧೀಶರಿಗೆ ತೋರಿಸಲು ಏನಾದರೂ ಇರುತ್ತಿತ್ತು. ನಗುತ್ತಾನೆ, ಹಾಡುತ್ತಾನೆ, ಅಂದು ನಮ್ಮ ಕಣದಲ್ಲಿ ಕೂತು ಎಲ್ಲರನ್ನೂ ನಗಿಸಿದ ಜೇರೆಡನೇ. ಹೋದ ಸಲ ಬಂದಾಗ ಟೊಪ್ಪಿಯೊಂದನ್ನು ಬೆರಳ ತುದಿಯಲ್ಲಿ ತಿರುಗಿಸಿ, "ಕೈ ಬಲು ಚುರುಕಾಗಿದೆ ಕಣೇ. ನಾನು ಇಲ್ಲದಿದ್ರೇ ನಿನಗೆ ಚೆಂದ" ಅಂದ. ಅನ್ನುತ್ತಲೇ ಟೊಪ್ಪಿಗಳನ್ನು ಕಟ್ಟು ಕಟ್ಟುತ್ತಿದ್ದ.

ಅಮ್ಮ ನಿಮಗೆ ಹೇಳಿರಲಾರಳು. ನನಗೊಂದು ಮಗುವಿತ್ತು. ಹೆಣ್ಣು. ಹನ್ನೊಂದು ತಿಂಗಳು ಇದ್ದಳು. ೧೮೧೮ರ ಆಗಸ್ಟಿನ ಚಳಿಜ್ವರದಲ್ಲಿ ಹೋದಳು. ಲೋಯಿಸ್ ಎಂದು ಹೆಸರಿಟ್ಟಿದ್ದೆ. ಜೇರೆಡ್ ಆಗ ನದಿಯ ಕೆಳಗಿನ ನಾಚೆಜ್‌ನಲ್ಲಿದ್ದ. ಬಂದಾಗ "ಎಲ್ಲಿ?" ಅಂದ. ಜಾಗ ತೋರಿಸಿದೆ. ಟೊಪ್ಪಿ ತೆಗೆದು ಸ್ವಲ್ಪ ಹೊತ್ತು ನಿಂತ.

ಪತ್ರ ಒಯ್ಯುತ್ತಿದ್ದವರು ನೀವೆಂದು ಓದಿದ ಮೇಲೆ ಕಾಗದ ಕೆಳಗಿಟ್ಟು ನೀರು ತರಲು ಎದ್ದೆ. ನೀರಿನ ಬಕೆಟ್ಟು ತುಂಬಿಯೇ ಇತ್ತು. ಹನ್ನೊಂದು ಮೈಲಿ ನಡೆದವರಿಗೆ ಕೊನೆಯಲ್ಲಿ ಒಂದು ಸಾಲು ಸೇರಿಸಲು ಆಗಲಿಲ್ಲವೇ ಅಪ್ಪ?

ಫೀನಿ


ಕೊಲಂಬಸ್
೨೦ ಜನವರಿ ೧೮೨೫

ಮಗಳೇ,

ಆ ವರ್ಷದ ಬೇಸಿಗೆಯ ಕೊನೆಯಲ್ಲಿ ಒಂದು ದಿನ ಹೊಲದಿಂದ ಬಂದಾಗ ನಿನ್ನಮ್ಮ ಹುರುಳಿಕಾಯಿ ಬಿಡಿಸುತ್ತಾ ಅಳುತ್ತಿದ್ದಳು. "ಏನಾಯ್ತೇ?" ಅಂದೆ. "ಹೊಗೆ" ಅಂದಳು. ಒಲೆ ಆರಿತ್ತು. ನಾನು ಮತ್ತೆ ಕೇಳಲಿಲ್ಲ. ಈಗ ಯಾರನ್ನು ಕೇಳಲಿ?

ನೀನು ಯಾರೆಂದು ಎಲ್ಲರಿಗೂ ಹೇಳಿಬಿಟ್ಟೆ. ಬೆಳಗಿನ ತಿಂಡಿಗೆ ಹತ್ತು ಹನ್ನೆರಡು ಜನ ಸದಸ್ಯರು ಒಂದೇ ಮೇಜಿಗೆ ಕೂರುತ್ತೇವೆ. ಟಾಫ್ಟ್ ನಿನ್ನ ಅರ್ಜಿಯ ವಿಷಯ ಎತ್ತಿ, "ಈ ನದಿ ಕಡೆ ಹೆಂಗಸರಿಗೆ ಗಂಡಂದಿರು ಟೊಪ್ಪಿ ಥರ, ಪ್ರತಿ ವರ್ಷ ಹೊಸದು ಬೇಕು" ಅಂದ. "ಅರ್ಜಿ ಹಾಕಿರೋಳು ನನ್ನ ಮಗಳು" ಅಂದೆ. ಜೋಳದ ಗಂಜಿ ಬಡಿಸುತ್ತಿದ್ದ ಮನೆಯೊಡತಿ ಸೌಟು ಹಿಡಿದವಳು ಹಾಗೇ ನಿಂತಳು. ಟಾಫ್ಟ್ ಸುಧಾರಿಸಿಕೊಂಡು, "ಹೋದ ವರ್ಷ ಬಿತ್ತಿದೋರು ಉಣ್ಲಿ ಅಂತ ಗುಡುಗಿದೆಯಲ್ಲಯ್ಯ. ಈಗ ತಟ್ಟೆ ನಿನ್ನ ಮುಂದೆ ಬಂತೇನು?" ಅಂದ. ಯಾರೋ ನಕ್ಕರು. "ಬಂತು" ಅಂದೆ. ಆಮೇಲೆ ಯಾರೂ ನಗಲಿಲ್ಲ.

ಆ ಭಾಷಣ ಮಾಡಿದ ದಿನ ಅರ್ಜಿ ಹಾಕಿದ್ದ ಹೆಂಗಸರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿರಲಿಲ್ಲ. ಕಣ್ಣಮುಂದೆ ಇದ್ದವಳು ನೀನು. ನಿನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಂಡೆ. ಅದನ್ನು ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ಮಸೂದೆ ಪಾಸಾಗಬೇಕೆಂದೂ ಹೇಳುತ್ತೇನೆ.

ಆದರೆ ಮತ ಹಾಕಲಾರೆ. ನನ್ನನ್ನು ಜನ ವಿದ್ಯೆ ನೋಡಿ ಇಲ್ಲಿಗೆ ಕಳಿಸಲಿಲ್ಲ. ಹದಿನಾಲ್ಕು ವರ್ಷ ನಮ್ಮೂರಿನ ಬೇಲಿ ತಗಾದೆಗಳಿಗೆ ತೀರ್ಪು ಹೇಳಿದವನು ನಾನು. ಎರಡು ಹೊಲಗಳ ನಡುವೆ ನಿಂತು, ಇದು ನಿನ್ನದು, ಅದು ಅವನದು ಎಂದಿದ್ದೇನೆ. ನಮ್ಮದೇ ಹೋರಿ ಬೇಲಿ ಮುರಿದು ಪಕ್ಕದವರ ಜೋಳ ಮೇಯ್ದಾಗ, ಇದಕ್ಕೆ ನಾನು ತೀರ್ಪು ಹೇಳಬಾರದು ಎಂದು ಎದ್ದು ಇನ್ನೊಬ್ಬರನ್ನು ಕೂರಿಸಿದೆ. ತನ್ನ ಮನೆಯ ಮಾತು ಬಂದಾಗ ಎದ್ದು ಹೋಗುತ್ತಾನೆ, ಇವನನ್ನು ನಂಬಬಹುದು ಎಂದು ಜನ ನನಗೆ ಮತ ಕೊಟ್ಟರು. ಅದೊಂದನ್ನು ಬಿಟ್ಟರೆ ಅವರಿಗೆ ಕೊಡಲು ನನ್ನಲ್ಲಿ ಬೇರೇನಿದೆ? ಗುಮಾಸ್ತ ಹೆಸರು ಕೂಗುವಾಗ ನಾನು ಹೊರಗೆ ನಿಂತಿರುತ್ತೇನೆ.

ಅಪ್ಪ


ಕಾರ್ಸನ್ಸ್ ಲ್ಯಾಂಡಿಂಗ್
೩೦ ಜನವರಿ ೧೮೨೫

ಅಪ್ಪನಿಗೆ,

ಹೋರಿಯ ಕಥೆ ನನಗೆ ಗೊತ್ತು. ಅದನ್ನು ಬೇಲಿಯಾಚೆಯಿಂದ ಹೊಡೆದುಕೊಂಡು ಬಂದವಳು ನಾನೇ. ಊರವರು ನಿಮ್ಮನ್ನು ಹೊಗಳುತ್ತಿದ್ದಾಗ ನಿಮ್ಮ ಪಕ್ಕ ನಿಂತು ಬೀಗಿದವಳೂ ನಾನೇ.

ನಮ್ಮ ಸದಸ್ಯರು ಒಂದೆರಡು ಮತಗಳಲ್ಲಿ ಆಚೀಚೆ ಆಗಬಹುದು ಅನ್ನುತ್ತಾರೆ. ಈ ಒಂದು ಸಲ ಕುಳಿತಲ್ಲೇ ಕುಳಿತು ನಿಮ್ಮ ಹೆಸರಿಗೆ ಓಗೊಡಿ. ನಿಯಮದಲ್ಲಿ ಅಡ್ಡಿಯಿಲ್ಲವಂತೆ, ಅವರನ್ನು ಕೇಳಿದೆ. ಅಡ್ಡಿ ನಿಮ್ಮೊಳಗೆ ಮಾತ್ರ.

ಒಂಬತ್ತು ವರ್ಷದಲ್ಲಿ ಅಪ್ಪನೆಂದು ನಿಮ್ಮನ್ನು ನಾನು ಕೇಳುತ್ತಿರುವುದು ಇದೊಂದೇ.

ಫೀನಿ


ಕೊಲಂಬಸ್
೧೧ ಫೆಬ್ರವರಿ ೧೮೨೫

ಫೀನಿ,

ಪರವಾಗಿ ಮೂವತ್ತೊಂದು, ವಿರುದ್ಧ ಮೂವತ್ತೊಂದು. ಸಮವಾದರೆ ಮಸೂದೆ ಬಿದ್ದಂತೆ.

ನಿನ್ನ ಪತ್ರ ಅಂದು ಬೆಳಿಗ್ಗೆಯೇ ಕೈ ಸೇರಿತ್ತು. ಓದಿದ್ದೆ. ತಡವಾಗಿ ತಲುಪಿತು ಎಂದು ಬರೆದರೆ ನೀನು ನಂಬುತ್ತಿದ್ದೆ. ಅದನ್ನೂ ಯೋಚಿಸಿದೆ.

ಹೇಳುತ್ತೇನೆಂದದ್ದನ್ನೆಲ್ಲ ಸಭೆಯಲ್ಲಿ ಹೇಳಿದೆ. ಹೋದ ವರ್ಷದ ಮಾತು ತಪ್ಪು ಎಂದೆ. ಕಹಳೆಯ ವಿಷಯ ಹೇಳಿದೆ. ಗುಮಾಸ್ತ ಹೆಸರು ಕೂಗಲು ಶುರುಮಾಡಿದಾಗ ಎದ್ದೆ. ಟಾಫ್ಟ್ ನನ್ನ ಕೋಟಿನ ಅಂಚು ಹಿಡಿದುಕೊಂಡ. "ಕೂತ್ಕೊಳೋ ಮಾರಾಯ. ಯಾರೂ ಏನೂ ಅನ್ನಲ್ಲ" ಅಂದ. ವಿರುದ್ಧವಾಗಿ ಮತ ಹಾಕಲು ಕುಳಿತಿದ್ದವನೇ ಹಾಗೆ ಅಂದದ್ದು. ಕೋಟು ಬಿಡಿಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಂತೆ. ಚಾವಣಿಯ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಟಾಫ್ಟ್ ಬಂದ, ನನ್ನ ಪಕ್ಕದಲ್ಲಿ ನಿಂತ, ಏನೂ ಹೇಳಲಿಲ್ಲ. ಎರಡು ತಿಂಗಳಲ್ಲಿ ಆ ಮನುಷ್ಯ ಬಾಯಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅದರಿಂದಲೇ ತಿಳಿಯಿತು.

ಶಾಲೆಗಳ ಮಸೂದೆ ಮೊನ್ನೆ ಪಾಸಾಯಿತು. ಎಲ್ಲರೂ ಬಂದು ಕೈ ಕುಲುಕಿದರು. ಯಾರು ಯಾರು ಎಂದು ನೆನಪಿಲ್ಲ.

ಅಪ್ಪ


ನ್ಯೂ ಹಾರ್ಟ್‌ಲ್ಯಾಂಡ್
೨೪ ಏಪ್ರಿಲ್ ೧೮೨೫

ಫೀನಿ,

ಊರಿಗೆ ಬಂದ ಮೇಲೆ ಇದು ಮೂರನೆಯ ಪತ್ರ. ಹಿಂದಿನ ಎರಡು ತಲುಪಿರಬೇಕು, ವಾಪಸು ಬಂದಿಲ್ಲ.

ಹನ್ನೆರಡು ಕುರಿ ಮರಿ ಹಾಕಿವೆ, ಒಂದು ಮರಿ ಸತ್ತಿತು. ಕೆಳಗಿನ ಹೊಲದಲ್ಲಿ ನೀರು ಇಂಗಿಲ್ಲ, ಉಳುಮೆ ತಡ. ಊರವರು ಶಾಲೆಗೆ ಮರ ಕಡಿಯುತ್ತಿದ್ದಾರೆ. ಎಲ್ಲಿ ಹೋದರೂ ಟೊಪ್ಪಿ ತೆಗೆದು ನನ್ನನ್ನು ಮಾತಾಡಿಸುತ್ತಾರೆ. ಬಡಗಿಯ ಹೆಂಡತಿ, "ನೀವು ನಮ್ಮ ಮಕ್ಕಳಿಗೆ ತಂದೆ ಇದ್ದ ಹಾಗೆ" ಅಂದಳು. ಅವಳ ಅಂಗಳದಿಂದ ಬೇಗ ಎದ್ದು ಬಂದೆ.

ಬರೆಯಲು ಮನಸ್ಸಿಲ್ಲದಿದ್ದರೆ ಬರಿಯ ಕಾಗದ ಮಡಚಿ, ಮೇಲೆ ವಿಳಾಸ ಬರೆದು ಕಳಿಸು. ಒಳಗೆ ಏನೂ ಇರಬೇಕಾಗಿಲ್ಲ. ಬದುಕಿದ್ದೀಯ ಎಂದು ತಿಳಿದರೆ ಸಾಕು.

ಅಪ್ಪ


ಕಾರ್ಸನ್ಸ್ ಲ್ಯಾಂಡಿಂಗ್
೧೯ ಜೂನ್ ೧೮೨೫

ಅಪ್ಪನಿಗೆ,

ಬದುಕಿದ್ದೇನೆ.

ಮೇ ತಿಂಗಳ ಮೊದಲ ವಾರ ಜೇರೆಡ್ ಬಂದ. ಮಸೂದೆ ಬಿದ್ದ ಸುದ್ದಿ ದೋಣಿಯವರ ಬಾಯಲ್ಲಿ ಕೇಳಿದ್ದನಂತೆ. "ನಿಮ್ಮಪ್ಪ ಗಂಡಸು ಕಣೇ. ಅವನ ದೆಸೆಯಿಂದ ನೀನಿನ್ನೂ ನನ್ನೋಳು" ಅಂದ. ಚಳಿಗಾಲ ಪೂರ್ತಿ ಹೆಣೆದ ಟೊಪ್ಪಿಗಳು ಹೋದವು. ಈ ಸಲ ಟೊಪ್ಪಿಗೆ ಆಕಾರ ಕೊಡುವ ಮರದ ಅಚ್ಚುಗಳನ್ನೂ ಹುಲ್ಲು ಸೀಳುವ ಚಾಕುವನ್ನೂ ಬಿಡಲಿಲ್ಲ. ಆರು ದಿನ ಇದ್ದ. ಆ ಆರು ದಿನದ ಬಗ್ಗೆ ಬರೆಯುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕುಳಿತೆ. ಬರೆಯಲು ಆಗುತ್ತಿಲ್ಲ. ನೀವು ಮಾಡಿದ್ದು ತಪ್ಪೆಂದು ಬರೆಯಲೂ ಕೈ ಬರುತ್ತಿಲ್ಲ. ನೀವು ಕುಳಿತು ಮತ ಹಾಕಿದ್ದರೆ ನನಗೆ ಬಿಡುಗಡೆ ಸಿಕ್ಕುತ್ತಿತ್ತು, ನಾನು ಹೋರಿ ಹೊಡೆದುಕೊಂಡು ಬಂದ ಆ ದಿನದ ಅಪ್ಪ ಸಿಕ್ಕುತ್ತಿರಲಿಲ್ಲ. ಎರಡರಲ್ಲಿ ಯಾವುದು ಬೇಕಿತ್ತು ಎಂದು ಕೇಳಿದರೆ ಬಿಡುಗಡೆ ಬೇಕಿತ್ತು ಅಂತಲೇ ಹೇಳುತ್ತೇನೆ. ಹೇಳಿ ಆಮೇಲೆ ಅಳುತ್ತೇನೆ.

ಮಿಸೆಸ್ ಕ್ರೋ ತನ್ನ ಬ್ರೆಡ್ ಚಾಕು ಕೊಟ್ಟಿದ್ದಾಳೆ. "ನಾಚಿಕೆ ಇಲ್ದೋನು" ಎಂದು ಜೇರೆಡನ ಮುಖದ ಮೇಲೇ ಬೈದಳಂತೆ. ಅವನು ಅವಳಿಗೂ ಒಂದು ಹಾಡು ಹೇಳಿ ಹೋದನಂತೆ. ಆ ಚಾಕುವಿನಲ್ಲೇ ಹುಲ್ಲು ಸೀಳುತ್ತಿದ್ದೇನೆ. ಕೆಲಸ ನಿಧಾನ.

ಫೀನಿ


ನ್ಯೂ ಹಾರ್ಟ್‌ಲ್ಯಾಂಡ್
೨ ಸೆಪ್ಟೆಂಬರ್ ೧೮೨೫

ಮಗಳೇ,

ಅಕ್ಟೋಬರಿನ ಚುನಾವಣೆಗೆ ನಾನು ನಿಲ್ಲುತ್ತಿಲ್ಲ. ಮೊಣಕಾಲು ನೋವು. ಕೊಲಂಬಸ್ಸಿನ ದಾರಿಯಲ್ಲಿ ಕೆಸರು ಕುದುರೆಯ ಹೊಟ್ಟೆ ಮುಟ್ಟುತ್ತದೆ. ಹಾಲು ಕರೆಯುವುದು, ಚೀಸ್ ಮಾಡುವುದು ಎಲ್ಲ ಆರಿನ್ ಒಬ್ಬನಿಂದ ಆಗದು. ಮೂರು ವರ್ಷ ಆಯಿತು, ಸಾಕು.

ನಿನ್ನ ಅರ್ಜಿಯನ್ನು ಡಿಸೆಂಬರಿನಲ್ಲಿ ಮತ್ತೆ ಹಾಕಿಸು. ಮರೆಯಬೇಡ.

ಜೋಳ ಈ ವರ್ಷ ಚೆನ್ನಾಗಿದೆ.

ಅಪ್ಪ


ನ್ಯೂ ಹಾರ್ಟ್‌ಲ್ಯಾಂಡ್
೬ ನವೆಂಬರ್ ೧೮೨೫

ತಂಗಿ ಫೀನಿಗೆ,

ನಾನು ಆರಿನ್. ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ನೀನು ಮನೆ ಬಿಟ್ಟ ದಿನ ಕೊಟ್ಟಿಗೆಯಲ್ಲಿದ್ದೆ, ಹೊರಗೆ ಬರಲಿಲ್ಲ. ಅದು ಇಷ್ಟು ವರ್ಷವೂ ಕೊರೆಯುತ್ತಿದೆ. ಅದಕ್ಕೆ ಇದನ್ನಾದರೂ ಹೇಳಿಬಿಡೋಣ ಎಂದು ಅಪ್ಪನಿಗೆ ತಿಳಿಸದೆ ಬರೆಯುತ್ತಿದ್ದೇನೆ.

ಅಪ್ಪನ ಮೊಣಕಾಲಿಗೆ ಏನೂ ಆಗಿಲ್ಲ. ಮೊನ್ನೆ ಸೇಬಿನ ಮರ ಹತ್ತಿ ನನಗಿಂತ ಮೇಲಿನ ಕೊಂಬೆಯಲ್ಲಿದ್ದರು.

ಅಪ್ಪ ಸದಸ್ಯರಾಗಿರುವತನಕ ನಿನ್ನ ಮಸೂದೆಗೆ ನಮ್ಮೂರಿನ ಮತ ಇಲ್ಲ, ಯಾಕಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಅಪ್ಪ ಬಿಟ್ಟುಕೊಟ್ಟರೆ ಆ ಜಾಗದಲ್ಲಿ ಕೂತವನು ಮತ ಹಾಕಬಹುದು. ಇದನ್ನು ಅವರು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿಲ್ಲ. ಜೂನ್ ಕೊನೆಯಲ್ಲಿ ನಿನ್ನ ಪತ್ರ ಬಂತು. ಓದಿ ಮಡಚಿಟ್ಟು, ಟೊಪ್ಪಿ ಹಾಕಿಕೊಂಡು ನೇರ ಲೂಥರ್ ಕೀಲರ್ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಲೂಥರ್ ನೆನಪಿದ್ದಾನಲ್ಲ, ಹಳ್ಳದ ಆಚೆಯವನು? ಏಳು ವರ್ಷದ ಹಿಂದೆ ಅವನ ಬೇಲಿ ತಪ್ಪು ಜಾಗದಲ್ಲಿದೆ ಎಂದು ಅಪ್ಪ ತೀರ್ಪು ಕೊಟ್ಟ ಮೇಲೆ ಅವನು ನಮ್ಮೊಂದಿಗೆ ಮಾತು ಬಿಟ್ಟಿದ್ದ.

ಅಪ್ಪ ಬೇಲಿಯಾಚೆಯೇ ನಿಂತು, "ಈ ಸಲ ನಾನು ನಿಲ್ಲಲ್ಲ, ಲೂಥರ್. ನೀನು ನಿಲ್ಲು" ಅಂದರು.

"ನಿನಗೇನಾಗಬೇಕು ನನ್ನಿಂದ?" ಅಂದ ಅವನು.

"ಏನೂ ಬೇಡ."

"ಏನೂ ಬೇಡ ಅನ್ನೋನಿಗೇ ಕಣಯ್ಯ ಹೆದರಬೇಕಾದ್ದು."

ಅಪ್ಪ ಅಷ್ಟಕ್ಕೇ ತಿರುಗಿ ಬಂದರು. ಯಾಕೆ ಲೂಥರನೇ ಎಂದು ದಾರಿಯಲ್ಲಿ ಕೇಳಿದೆ. "ನನಗೆ ಹೆದರದೆ ಇರೋನು ಊರಲ್ಲಿ ಅವನೊಬ್ಬ. ಬೇರೆಯವರನ್ನ ಕಳಿಸಿದರೆ ನನ್ನ ಮುಖ ನೋಡಿ ಮತ ಹಾಕ್ತಾರೆ" ಅಂದರು. ಲೂಥರ್ ನಿಂತ, ಗೆದ್ದ. ಅವನು ಹೇಗೆ ಮತ ಹಾಕುತ್ತಾನೋ ಹೇಳಲಾರೆ. ಅಪ್ಪ ಕೇಳಿಲ್ಲ, ನಾನು ಕೇಳಲು ಹೋದರೆ ಬಿಡಲಿಲ್ಲ.

ಸಭೆಯ ಕಾಗದ ಪತ್ರ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾರೆ. ಪತ್ರಿಕೆ ಬಂದ ದಿನ ಮಾತ್ರ ಮೊದಲು ಸಭೆಯ ಸುದ್ದಿಯನ್ನೇ ಓದುತ್ತಾರೆ. ಆಮೇಲೆ ಹಾಲು ಕರೆಯುತ್ತಾ ಕೆಂದ ಹಸುವಿಗೆ ಭಾಷಣ ಮಾಡುತ್ತಾರೆ. ನಗಬೇಡ. ನನಗೆ ಕೇಳಲು ಕಷ್ಟವಾಗುತ್ತದೆ.

ನಿನ್ನ ಅಣ್ಣ,
ಆರಿನ್


ಕೊಲಂಬಸ್
೨೮ ಜನವರಿ ೧೮೨೬

ಅಪ್ಪನಿಗೆ,

ಊರ ಹೆಸರು ನೋಡಿ ಗಾಬರಿಯಾಗಬೇಡಿ. ಅರ್ಜಿ ಒಂದೇ ಹೋದರೆ ಸಾಲದು, ಅದರ ಹಿಂದೆ ನಾನೂ ಇದ್ದೇನೆಂದು ಅವರಿಗೆ ಕಾಣಲಿ ಎಂದು ಅಂಚೆಗಾಡಿ ಹತ್ತಿ ಬಂದೆ. ನಾಲ್ಕು ದಿನದ ದಾರಿ. ಮೂರು ಸಲ ಇಳಿದು ಗಾಡಿ ತಳ್ಳಿದೆವು.

ಮಂಗಳವಾರ ಮತಕ್ಕೆ ಬಂತು. ಮೇಲಿನ ಮೊಗಸಾಲೆಯಲ್ಲಿ ಕೂತಿದ್ದೆ. ಎದುರಿಗೆ ಹೆಸರು ಕೂಗುತ್ತಿದ್ದರು, ನಾನು ಬೆರಳು ಮಡಚುತ್ತಿದ್ದೆ. ಹಿರಾಮ್ ಟಾಫ್ಟ್ ಎಂದು ಕೂಗಿದಾಗ ಹೊಟ್ಟೆ ಬಂದ ಮನುಷ್ಯರೊಬ್ಬರು ಎದ್ದರು. "ಹೋದ ವರ್ಷ ಬೇಡ ಅಂದೆ. ಒಬ್ಬ ಅಪ್ಪನ್ನ ಮೆಟ್ಟಿಲ ಮೇಲೆ ನಿಲ್ಲಿಸಿ ನೋಡಿದೆ. ಈ ಸಲ ಆಗಲಿ" ಎಂದು ಕೂತರು. ಲೂಥರ್ ಕೀಲರ್ ಹೆಸರು ಕೂಗಿದರು. ಅವರು ಕರವಸ್ತ್ರ ಹೊರಗೆ ತೆಗೆದರು. ಮೂಗು ಒರೆಸಿಕೊಂಡರು. ಗುಮಾಸ್ತ ಮತ್ತೊಮ್ಮೆ ಕೂಗಿದ. "ಕೇಳಿಸ್ತಯ್ಯ. ಪರವಾಗಿ" ಅಂದರು.

ಮೂವತ್ತನಾಲ್ಕು, ಇಪ್ಪತ್ತೊಂಬತ್ತು. ಮೇಲಿನ ಸಭೆಯೂ ನಿನ್ನೆ ಒಪ್ಪಿತು. ನಾನು ಮತ್ತೆ ಬಿಡ್ವೆಲ್.

ಲೂಥರ್ ಅವರನ್ನು ಹುಡುಕಿಕೊಂಡು ಹೋಗಿ ವಂದನೆ ಹೇಳಿದೆ. "ನನಗ್ಯಾಕಮ್ಮ ವಂದನೆ?" ಅಂದರು. "ನಿಮ್ಮಪ್ಪ ನನ್ನ ಬೇಲಿ ಮೂರು ಗಜ ಹಿಂದಕ್ಕೆ ಹಾಕಿಸಿದ. ಏಳು ವರ್ಷ ಆ ಮನುಷ್ಯನ್ನ ಮಾತಾಡಿಸಲಿಲ್ಲ ನಾನು. ಸರಿಯಾಗೇ ಹಾಕಿಸಿದ್ದ, ಅದೇ ನನಗೆ ಸಿಟ್ಟು. ನಿನ್ನ ಕಾಗದ ಪೂರ್ತಿ ಓದಿದೆ. ಆ ನಿನ್ನ ಗಂಡ ಬೇರೆಯವರ ಹೊಲದೊಳಗೆ ಬಂದು ಮೇಯ್ತಾ ಇದ್ದ. ಅಷ್ಟೇ ವಿಷಯ. ನಿಮ್ಮಪ್ಪನ್ನ ನೋಡಿ ಹಾಕಿದೆ ಅಂತ ಎಲ್ಲೂ ಹೇಳಬೇಡ, ಮತ್ತೆ."

ಆರಿನ್ ನನಗೆ ಬರೆದಿದ್ದ. ಅವನನ್ನು ಬೈಯಬೇಡಿ. ನಿಮ್ಮ ಮೊಣಕಾಲು ಹೇಗಿದೆ ಎಂದು ನಾನು ಕೇಳುವುದಿಲ್ಲ. ಸಭೆಯ ಒಳಗೆ ನೀವು ಕೂರುತ್ತಿದ್ದ ಜಾಗವನ್ನು ಟಾಫ್ಟ್ ತೋರಿಸಿದರು. ಕಿಟಕಿಯ ಪಕ್ಕ, ಮೇಜಿನ ಮೇಲೆ ಶಾಯಿಯ ಕಲೆ ಇದೆ. ಇಂಥ ಜಾಗವನ್ನು ಬಿಟ್ಟು ಬಂದಿರಿ ಎಂದು ನೋಡಿದ ಮೇಲೆ ತಿಳಿಯಿತು. ಆ ಕಲೆಯ ಮೇಲೆ ಬೆರಳಿಟ್ಟು ನೋಡಿದೆ.

ಮಾರ್ಚಿನಲ್ಲಿ ಮೇಪಲ್ ಮರಗಳಿಂದ ರಸ ಇಳಿಸುವ ಹೊತ್ತಿಗೆ ಬರುತ್ತೇನೆ. ಸಕ್ಕರೆ ಕಾಯಿಸಿ ಮುಗಿಯುವವರೆಗೆ ಇರುತ್ತೇನೆ. ಆಮೇಲೆ ಲ್ಯಾಂಡಿಂಗ್‌ಗೆ ಹಿಂದಿರುಗುತ್ತೇನೆ ಅಪ್ಪ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ನನ್ನ ಕೆಲಸವಿದೆ, ಮಗುವಿನ ಜಾಗವಿದೆ. ಕಹಳೆ ಊದಿದಾಗ ಏಳದೆ ಕೂತಿರುವುದು ಹೇಗಿರುತ್ತದೆ ಎಂದು ನನಗೆ ನೋಡಬೇಕು.

ಹತ್ತು ವರ್ಷವಾಯಿತು. ದಾರಿ ನೆನಪಿದೆಯೋ ಇಲ್ಲವೋ. ಬರೆದು ತಿಳಿಸಿ.

ನಿಮ್ಮ
ಫೀನಿ


ನ್ಯೂ ಹಾರ್ಟ್‌ಲ್ಯಾಂಡ್
೧೨ ಫೆಬ್ರವರಿ ೧೮೨೬

ಮಗಳೇ,

ಅಂಚೆಗಾಡಿ ರವೆನ್ನಾದವರೆಗೆ ಬರುತ್ತದೆ. ನೆಲ ಗಟ್ಟಿಯಾಗಿದ್ದರೆ ಆರಿನ್ ಗಾಡಿ ಕಟ್ಟಿಕೊಂಡು ಬರುತ್ತಾನೆ. ಕೆಸರಾಗಿದ್ದರೆ ಗಾಡಿ ಬರಲಾರದು, ನಡೆಯಬೇಕು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ನೀನು ಬೇಗ ನಡೆಯುವವಳು.

ಗಿರಣಿ ದಾಟಿದ ಮೇಲೆ ದಾರಿ ಈಗ ಎರಡಾಗಿದೆ. ಬಲಗಡೆಯದು ಅಗಲವಾಗಿದೆ, ನೋಡಿದರೆ ಅದೇ ಸರಿ ಅನ್ನಿಸುತ್ತದೆ, ಆದರೆ ಅದು ಹೊಸ ಊರಿಗೆ ಹೋಗುತ್ತದೆ. ನೀನು ಎಡಕ್ಕೆ ತಿರುಗು. ತಿರುವಿನಲ್ಲಿದ್ದ ಎಲ್ಮ್ ಮರವನ್ನು ಹುಡುಕಬೇಡ, ಸಿಡಿಲು ಹೊಡೆದು ನಾಲ್ಕು ವರ್ಷವಾಯಿತು. ಹಳ್ಳಕ್ಕೆ ಸೇತುವೆ ಆಗಿದೆ, ಸ್ಕರ್ಟು ಎತ್ತಿಕಟ್ಟಿ ಕಲ್ಲಿಂದ ಕಲ್ಲಿಗೆ ಹಾರಬೇಕಾಗಿಲ್ಲ. ಸೇತುವೆಯ ಪಕ್ಕದ ಹೊಲ ಲೂಥರನದು. ಅವನ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಅದೂ ಅವನ ಹಾಗೆಯೇ.

ದಿಬ್ಬ ಹತ್ತಿದಾಗ ಮೊದಲು ಕಾಣುವ ಹೊಗೆ ಶಾಲೆಯದು. ಅದನ್ನು ದಾಟಿ ಬಾ. ಹಲಗೆಯ ಹೊಸ ಮನೆಯನ್ನು ನೀನು ನೋಡಿಲ್ಲ, ಬಿಳಿ ಬಣ್ಣ ಹೊಡೆದಿದೆ. ನೀನು ಹುಟ್ಟಿದ ಮರದ ದಿಮ್ಮಿಯ ಮನೆ ಅದರ ಹಿಂದೆ ಇದೆ, ಈಗ ಹಸುಗಳನ್ನು ಕಟ್ಟುತ್ತೇವೆ. ನಿನ್ನಮ್ಮ ಸೇಬಿನ ತೋಟದ ಮೇಲಿನ ಅಂಚಿನಲ್ಲಿದ್ದಾಳೆ. ಯಾರನ್ನೂ ಮಾತಾಡಿಸುವ ಮೊದಲು ಅಲ್ಲಿಗೆ ಹೋಗಬೇಕು ಅನ್ನಿಸಿದರೆ ಹಿಂದಿನ ದಾರಿಯಿಂದ ಹೋಗು. ನಾವು ಕಂಡರೂ ಕಾಣದಂತೆ ಇರುತ್ತೇವೆ.

ಸಕ್ಕರೆ ಕಾಯಿಸುವುದು ಈ ವರ್ಷ ಎಷ್ಟು ದಿನ ನಡೆಯುತ್ತದೆ ಎಂದು ಹೇಳಲಾಗದು. ರಾತ್ರಿ ಹಿಮ ಬಿದ್ದು ಹಗಲು ಬಿಸಿಲು ಬರುತ್ತಿದ್ದರೆ ರಸ ಏಪ್ರಿಲಿನವರೆಗೂ ಇಳಿಯುವುದುಂಟು. ಆರಿನ್ ಹೊಸದಾಗಿ ನಲವತ್ತು ಮರಗಳಿಗೆ ಕೊಳವೆ ಹಾಕೋಣ ಅನ್ನುತ್ತಿದ್ದಾನೆ. ಇನ್ನೂ ಇಪ್ಪತ್ತು ಹಾಕು ಅಂದೆ.

ನಾನು ದಾರಿಯಲ್ಲಿ ನಿಂತಿರುವುದಿಲ್ಲ. ನಿಂತರೆ ಬೆಳಗಿನಿಂದ ಕಾಯುತ್ತಿದ್ದಾರೆ ಎಂದು ಆರಿನ್ ನಗುತ್ತಾನೆ. ಹಸುಗಳ ಹತ್ತಿರ ಇರುತ್ತೇನೆ, ಬಂದು ಕೂಗು. ಕಿವಿ ಸ್ವಲ್ಪ ಮಂದವಾಗಿದೆ. ಒಂದು ಕೂಗಿಗೆ ಓಗೊಡದಿದ್ದರೆ ಹಿಂದಿರುಗಬೇಡ, ಮತ್ತೊಮ್ಮೆ ಕೂಗು.

ಅಪ್ಪ